ಗ್ರೀಕ್ ಶೈಲಿಯ ಮೊಸರು: ಡಬ್ಬಿಯೊಳಗೆ ಏನಿದೆ?

ಮುಂಬಯಿಯ ಡೈರಿ ಅಂಗಡಿಗಳಲ್ಲಿ ಸಾದಾ ಮೊಸರಿನ ಪಕ್ಕದಲ್ಲಿಯೇ ‘ಗ್ರೀಕ್ ಯೋಗರ್ಟ್’ ಎಂಬ ಪುಟ್ಟ ಡಬ್ಬಿಗಳನ್ನು ಈಗ ಸಾಲಾಗಿ ಜೋಡಿಸಿಟ್ಟಿರುತ್ತಾರೆ. 2015ರಲ್ಲಿ ಮಾರುಕಟ್ಟೆಗೆ ಬಂದ ಎಪಿಗಾಮಿಯಾ ಈ ಹೆಸರನ್ನು ನಗರದ ಮಕ್ಕಳ ಬಾಯಿಗೆ ತಂದಿತು; ಬಳಿಕ ಬೇರೆ ಡೈರಿಗಳೂ ಅದೇ ದಾರಿ ಹಿಡಿದವು. ಬೆಲೆ ಸಾದಾ ಮೊಸರಿಗಿಂತ ಬಹಳ ಹೆಚ್ಚು. ಆದರೂ ಜಿಮ್ಮಿಗೆ ಹೋಗುವ ಮೊಮ್ಮಗನಿಗೂ, ಊಟ ಕಡಿಮೆಯಾಗಿ ಮೈಬಲ ಕುಗ್ಗಿದ ಅಜ್ಜಿಗೂ ಪ್ರೋಟೀನಿನ ಆಸೆಯಿಂದ ಇದನ್ನೇ ತರುವ ಮನೆಗಳು ನಮ್ಮಲ್ಲಿ ಹಲವು. ಆ ಪ್ರೋಟೀನು ಎಲ್ಲ ಡಬ್ಬಿಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವಾದ್ದರಿಂದ ಈ ವಿಷಯವನ್ನು ತುಸು ವಿವರವಾಗಿ ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಗ್ರೀಸಿನಲ್ಲಿ ಈ ಮೊಸರಿಗೆ ‘ಸ್ಟ್ರಾಂಗಿಸ್ಟೊ’ ಎನ್ನುತ್ತಾರೆ. ಸೋಸಿದ್ದು ಎಂದು ಅದರ ಅರ್ಥ. ಹೆಪ್ಪುಗಟ್ಟಿದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸುವುದೇ ಅದರ ಮೂಲ ವಿಧಾನ. ಶ್ರೀಖಂಡ ಮಾಡಿ ಬಲ್ಲ ಬೆಳಗಾವಿ, ಹುಬ್ಬಳ್ಳಿ ಕಡೆಯ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಕ್ಕರೆ, ಏಲಕ್ಕಿ ಸೇರುವ ಮುನ್ನಿನ ಚಕ್ಕಾ ಇದಕ್ಕೆ ತೀರ ಹತ್ತಿರದ ನೆಂಟ. ನೀರಿನೊಡನೆ ಹಾಲಿನ ಸಹಜ ಸಕ್ಕರೆಯಾದ ಲ್ಯಾಕ್ಟೋಸಿನ ಒಂದು ಪಾಲು ಮತ್ತು ಸ್ವಲ್ಪ ಸುಣ್ಣದಂಶ ಇಳಿದುಹೋಗುತ್ತವೆ. ಪ್ರೋಟೀನಿನ ಬಹುಭಾಗ ಬಟ್ಟೆಯಲ್ಲಿಯೇ ಉಳಿಯುತ್ತದೆ. ಒಂದು ಕಿಲೋ ಗಟ್ಟಿ ಮೊಸರಿಗೆ ಸುಮಾರು ಮೂರರಿಂದ ನಾಲ್ಕು ಲೀಟರ್ ಹಾಲು ಬೇಕಾಗುವುದರಿಂದ, ನಿಜವಾಗಿ ಸೋಸಿದ ಮೊಸರಿನ ಬೆಲೆ ಹೆಚ್ಚಿರುವುದು ನ್ಯಾಯವೇ.

ತೊಡಕಿರುವುದು ‘ಶೈಲಿ’ ಎಂಬ ಪದದಲ್ಲಿ. ಅಮೆರಿಕದಲ್ಲಿ ತಯಾರಾದ ಚೋಬಾನಿ ಮೊಸರನ್ನು ಇಂಗ್ಲೆಂಡಿನಲ್ಲಿ ‘ಗ್ರೀಕ್ ಯೋಗರ್ಟ್’ ಎಂದು ಮಾರಹೊರಟಾಗ, ಅಥೆನ್ಸಿನಲ್ಲಿ 1926ರಿಂದ ಹಾಲು ಮೊಸರಿನ ವ್ಯಾಪಾರದಲ್ಲಿರುವ ಫಾಯೆ ಕಂಪನಿಯು ನ್ಯಾಯಾಲಯದ ಮೆಟ್ಟಿಲೇರಿತು. 2013ರಲ್ಲಿ ಲಂಡನ್ನಿನ ಹೈಕೋರ್ಟು ಫಾಯೆಯ ಪರ ತೀರ್ಪಿತ್ತಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಹೀಗಾಗಿ ಅಲ್ಲಿ ಗ್ರೀಸಿನಿಂದ ಬಾರದ ಮೊಸರಿಗೆ ‘ಗ್ರೀಕ್ ಶೈಲಿ’ ಎಂಬ ಹೆಸರೇ ಗತಿ. ಈ ಹೆಸರಿನ ಮೊಸರು ಸೋಸಿದ್ದೇ ಆಗಿರಬೇಕೆಂದೇನೂ ಇಲ್ಲ. ಹಾಲಿನ ಪುಡಿ, ಹಾಲಿನ ಪ್ರೋಟೀನು, ಕೆನೆ ಇಲ್ಲವೇ ಪಿಷ್ಟವನ್ನು ಬೆರೆಸಿಯೂ ಅದೇ ಗಟ್ಟಿತನ ತರಬಹುದು. ಹಾಲಿನ ಪ್ರೋಟೀನು ಬೆರೆಸಿದ್ದಕ್ಕೆ ನಮ್ಮ ಆಕ್ಷೇಪವಿಲ್ಲ, ಅದೂ ಹಾಲಿನದೇ ತಾನೆ. ಆದರೆ ಪಿಷ್ಟದಿಂದ ಗಟ್ಟಿ ಮಾಡಿದ್ದಕ್ಕೆ ಸೋಸಿದ ಮೊಸರಿನ ಬೆಲೆ ತೆರುವುದು ಜಾಣತನವಲ್ಲ.

ನಾಲಿಗೆಗೂ ಈ ಭೇದ ತಿಳಿಯುತ್ತದೆ. ಸೋಸಿದ ಮೊಸರು ಚಮಚಕ್ಕೆ ಅಂಟಿ ನಿಲ್ಲುತ್ತದೆ, ಹದವಾದ ಹುಳಿಯಿರುತ್ತದೆ, ಬಾಯಲ್ಲಿ ನಿಧಾನವಾಗಿ ಕರಗುತ್ತದೆ. ಕೆನೆ ತೆಗೆದ ಹಾಲಿನದಾದರೆ ತುಸು ಒಣಗಿದಂತೆ, ಸುಣ್ಣ ಸವರಿದಂತೆ ತೋರುವುದುಂಟು. ಪಿಷ್ಟ ಹೆಚ್ಚಿದ್ದರೆ ಗಂಜಿಯಂತೆ ಜಾರುತ್ತದೆ. ಮೊಸರನ್ನಕ್ಕೆ ಮಾತ್ರ ಇದು ಹೊಂದುವುದಿಲ್ಲ. ಹಾಲು ಬೆರೆಸಿ ಸಡಿಲಿಸಿದರೂ ಮನೆಯ ಹೆಪ್ಪಿನ ಪರಿಮಳ ಬಾರದು. ಕಾರ್ಖಾನೆಯ ಯೋಗರ್ಟಿನಲ್ಲಿ ಮುಖ್ಯವಾಗಿ ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್ ಮತ್ತು ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಎಂಬ ಆಯ್ದ ಸೂಕ್ಷ್ಮಾಣುಗಳು ಕೆಲಸ ಮಾಡುತ್ತವೆ. ಮನೆಯ ಹೆಪ್ಪಿನಲ್ಲಿಯಾದರೋ ಮನೆಗೊಂದು ಬಗೆಯ ಸಮೂಹವೇ ಇರುತ್ತದೆ.

ಇನ್ನು ಆರೋಗ್ಯದ ಲೆಕ್ಕ. ನೂರು ಗ್ರಾಂ ಸಾದಾ ಮೊಸರಿನಲ್ಲಿ ಸುಮಾರು 3ರಿಂದ 4 ಗ್ರಾಂ ಪ್ರೋಟೀನಿದ್ದರೆ, ಕೊಬ್ಬು ತೆಗೆದು ಚೆನ್ನಾಗಿ ಸೋಸಿದ ಮೊಸರಿನಲ್ಲಿ 9ರಿಂದ 10 ಗ್ರಾಂ ಇರುತ್ತದೆ. ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರಗಳಿಗೆ ಮರುಳಾಗದೆ, ಹಿಂಭಾಗದ ನೂರು ಗ್ರಾಂ ಲೆಕ್ಕವನ್ನು ಓದಬೇಕು. ಸಕ್ಕರೆಯನ್ನೂ ಅಲ್ಲಿಯೇ ನೋಡಬೇಕು: ಸುಮಾರು 4 ಗ್ರಾಂ ಹಾಲಿನದೇ ಸಕ್ಕರೆ. ಮಾವು, ಸ್ಟ್ರಾಬೆರಿಯ ಡಬ್ಬಿಯಲ್ಲಿ 14 ಗ್ರಾಂ ಎಂದಿದ್ದರೆ ಮಿಕ್ಕ ಹತ್ತು ಗ್ರಾಂ, ಅಂದರೆ ಎರಡು ಚಮಚದಷ್ಟು, ಬಹುಪಾಲು ಮೇಲಿನಿಂದ ಸೇರಿಸಿದ್ದು. ಅಂಥದನ್ನು ಸಿಹಿತಿಂಡಿಯೆಂದು ತಿಳಿದು ತಿನ್ನುವುದೇ ಸರಿ; ಮಧುಮೇಹವುಳ್ಳ ಹಿರಿಯರಿಗೆ ‘ಮೊಸರು ತಾನೆ’ ಎಂದು ಕೊಡಬಾರದು. ಮೊಸರಾದ ಮೇಲೆ ಮತ್ತೆ ಬಿಸಿಮಾಡಿ ಬಹುಕಾಲ ಕೆಡದಂತೆ ಮಾಡಿದ ಡಬ್ಬಿಗಳಲ್ಲಿ ಜೀವಂತ ಸೂಕ್ಷ್ಮಾಣುಗಳು ಉಳಿದಿರುವುದಿಲ್ಲ. ಮೂತ್ರಪಿಂಡದ ತೊಂದರೆಯಿದ್ದವರು ಪ್ರೋಟೀನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಮನೆಯಲ್ಲಿಯೇ ಮಾಡಿಕೊಳ್ಳಬಯಸುವವರು ಹುಳಿಯಾಗದ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿರಿಸಿ, ಕೆಳಗೊಂದು ಪಾತ್ರೆಯಿಟ್ಟು ಫ್ರಿಜ್ಜಿನಲ್ಲಿಡಬೇಕು. ಮುಂಬಯಿಯ ಸೆಕೆಯಲ್ಲಿ ಹೊರಗೆ ತೂಗುಹಾಕಿದರೆ ಬೆಳಗಾಗುವುದರೊಳಗೆ ಹುಳಿ ಏರಿರುತ್ತದೆ. ತೂಕ ಅರ್ಧಕ್ಕಿಳಿದಾಗ ಪ್ರೋಟೀನಿನ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೊಬ್ಬೂ ಹಾಗೆಯೇ ಏರುವುದರಿಂದ ಹೃದಯದ ಕಾಳಜಿಯಿರುವ ಮನೆಗಳಲ್ಲಿ ಎಮ್ಮೆಯ ಗಟ್ಟಿ ಹಾಲನ್ನು ಬಿಟ್ಟು ಕೆನೆ ಕಡಿಮೆಯಾದ ಹಾಲನ್ನು ಹೆಪ್ಪು ಹಾಕುವುದು ಲೇಸು. ಕೆಳಗಿಳಿದ ತಿಳಿನೀರನ್ನು ಚೆಲ್ಲದೆ ಚಪಾತಿ ಹಿಟ್ಟು ಕಲಸಲು ಬಳಸಬಹುದು. ಉಪ್ಪು, ಶುಂಠಿ, ಕರಿಬೇವು ಹಾಕಿದರೆ ಮಜ್ಜಿಗೆಯಂತೆ ಕುಡಿಯಲೂ ಆಗುತ್ತದೆ.