ಕಡ್ಡಿ ಪೈಲ್ವಾನರ ಲೆಕ್ಕ: ತೂಕ ಇಳಿಸದೆ ಹೊಟ್ಟೆ ಇಳಿಸೋದು ಹೇಗೆ?

ನಮ್ಮ ಕ್ಯಾಂಪಸ್‌ನಲ್ಲಿ ಒಂದು ಬಗೆಯ ಮೈಕಟ್ಟು ತುಂಬಾ ಸಾಮಾನ್ಯ. ಕೈಕಾಲು ಕಡ್ಡಿ, ಭುಜ ಸಣ್ಣದು, ಆದ್ರೆ ಶರ್ಟ್ ಇನ್ ಮಾಡಿದ ಕೂಡಲೇ ಹೊಟ್ಟೆ ಮಾತ್ರ ಮುಂದೆ. ತೂಕ ನೋಡಿದ್ರೆ ಐವತ್ತೈದೋ ಅರವತ್ತೋ. ಊರಿಗೆ ಹೋದ್ರೆ ಅಮ್ಮ ‘ಎಷ್ಟು ಸೊರಗಿದೀಯಪ್ಪ’ ಅಂತಾರೆ. ಹಾಸ್ಟೆಲ್‌ಗೆ ವಾಪಸ್ ಬಂದ್ರೆ ರೂಮ್‌ಮೇಟ್ ‘ಏನೋ ಇದು ಹೊಟ್ಟೆ’ ಅಂತಾನೆ. ತಮಾಷೆ ಅಂದ್ರೆ, ಇಬ್ಬರೂ ಹೇಳ್ತಿರೋದು ನಿಜ.

ಇಲ್ಲಿಂದ ಮುಂದೆ ನಮ್ಮಲ್ಲಿ ಹೆಚ್ಚಿನವರು ಮಾಡೋದು ಎರಡರಲ್ಲಿ ಒಂದು. ಹೊಟ್ಟೆಯ ಚಿಂತೆ ಹೆಚ್ಚಾದವರು ರಾತ್ರಿ ಊಟ ಬಿಡ್ತಾರೆ, ಬೆಳಿಗ್ಗೆ ಗ್ರೌಂಡ್ ಸುತ್ತ ಓಡ್ತಾರೆ. ಸಣಕಲು ಅನ್ನಿಸಿಕೊಂಡು ಬೇಜಾರಾದವರು ಸಿಕ್ಕಿದ್ದೆಲ್ಲಾ ತಿಂದು ತೂಕ ಏರಿಸೋಕೆ ಹೊರಡ್ತಾರೆ. ಎರಡೂ ಕೆಲಸ ಮಾಡಲ್ಲ. ಯಾಕೆ ಮಾಡಲ್ಲ, ಏನು ಮಾಡಬೇಕು ಅನ್ನೋದನ್ನ ಈ ಲೇಖನದಲ್ಲಿ ನಮ್ಮದೇ ಭಾಷೆಯಲ್ಲಿ, ಅಂದ್ರೆ ಲೆಕ್ಕದ ಭಾಷೆಯಲ್ಲಿ, ನೋಡೋಣ.

ಒಂದು ಸಂಖ್ಯೆ, ಎರಡು ದೇಹ

ತೂಕವನ್ನು (ಕೆ.ಜಿ.) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದ್ರೆ ಸಿಗೋದು ಬಿಎಂಐ. ಈ ಸೂತ್ರ ಕೊಟ್ಟವರು ವೈದ್ಯರಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ ಜನಸಮೂಹದ ಸರಾಸರಿಗಳನ್ನು ಅಧ್ಯಯನ ಮಾಡುವಾಗ ಇದನ್ನು ಕಂಡುಕೊಂಡರು. ಇದಕ್ಕೆ ಈಗಿನ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ. ದೊಡ್ಡ ಗುಂಪಿನ ಬಗ್ಗೆ ಮಾತಾಡೋಕೆ ಇದು ಉಪಯುಕ್ತ. ಆದ್ರೆ ಒಬ್ಬನ ತೂಕದಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಅನ್ನೋದು ಇದಕ್ಕೆ ಗೊತ್ತಾಗೋದೇ ಇಲ್ಲ.

ಇದಕ್ಕೊಂದು ಪ್ರಸಿದ್ಧ ಉದಾಹರಣೆ ಇದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ: 22.3. ಆದ್ರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇ. 21.2! ಸಂಖ್ಯೆ ಅದೇ, ಒಳಗಿನ ಸಾಮಾನು ಬೇರೆ. ಇಬ್ಬರ ಹೆಸರಿನ ಮೊದಲ ಅಕ್ಷರ ಹಿಡಿದು ಇದಕ್ಕೆ ‘ವೈ-ವೈ ವಿರೋಧಾಭಾಸ’ ಅಂತ ಹೆಸರಿಟ್ಟರು.

ಇದು ನಮ್ಮ ಸೋಮಾರಿತನದ ಕತೆ ಮಾತ್ರ ಅಲ್ಲ. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಯಾಜ್ಞಿಕ್ ಅವರ ತಂಡ ನಡೆಸಿದ ಅಧ್ಯಯನದಲ್ಲಿ ನವಜಾತ ಶಿಶುಗಳ ಸರಾಸರಿ ತೂಕ ಸುಮಾರು 2.7 ಕೆ.ಜಿ. ಇತ್ತು. ಇಂಗ್ಲೆಂಡಿನ ಶಿಶುಗಳದ್ದು ಸುಮಾರು 3.5 ಕೆ.ಜಿ. ನಮ್ಮ ಮಕ್ಕಳಲ್ಲಿ ಸ್ನಾಯು ಬಹಳ ಕಡಿಮೆ ಇತ್ತು, ಆದ್ರೆ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆ ಆಗಿರಲಿಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲೂ ಇದೇ ಚಿತ್ರ ಕಂಡಿತು. ಅಂದ್ರೆ ‘ಸಣ್ಣ ಮೈ, ಹೆಚ್ಚು ಕೊಬ್ಬು’ ಅನ್ನೋ ಸ್ಥಿತಿಯ ಆರಂಭ ಹಲವರಿಗೆ ತಾಯಿಯ ಹೊಟ್ಟೆಯಲ್ಲೇ ಆಗಿರುತ್ತೆ.

ಇದರಿಂದ ಕಷ್ಟ ಏನು? ಊಟ ಆದ ಮೇಲೆ ರಕ್ತಕ್ಕೆ ಬರೋ ಸಕ್ಕರೆಯನ್ನು ಎಳೆದುಕೊಂಡು ಇಟ್ಟುಕೊಳ್ಳೋ ದೊಡ್ಡ ಗೋದಾಮು ನಮ್ಮ ಸ್ನಾಯು. ಗೋದಾಮು ಚಿಕ್ಕದಾಗಿ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಾದ್ರೆ ಇನ್ಸುಲಿನ್‌ನ ಕೆಲಸ ಕಷ್ಟ ಆಗುತ್ತೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ, ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬರೋದಕ್ಕೆ ಇದೊಂದು ಮುಖ್ಯ ಕಾರಣ. ಅದಕ್ಕೇ ನಮ್ಮಲ್ಲಿ ಬಿಎಂಐ 25ರ ಬದಲು 23 ದಾಟಿದರೇ ಎಚ್ಚರಿಕೆ ಅಂತಾರೆ, ಸೊಂಟದ ಸುತ್ತಳತೆಗೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ ಹಾಕಿದ್ದಾರೆ. ಇಪ್ಪತ್ತರ ವಯಸ್ಸಿನಲ್ಲಿ ಇದು ಬರೀ ಟೀ ಶರ್ಟ್ ಚೆನ್ನಾಗಿ ಕಾಣೋ ಪ್ರಶ್ನೆ ಅನ್ನಿಸುತ್ತೆ. ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ಶುಗರ್ ಇದ್ದವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ.

ಊಟ ಬಿಟ್ಟರೆ ಏನಾಗುತ್ತೆ?

ಈಗ ಲೆಕ್ಕ. ಒಬ್ಬ ಹುಡುಗ: ಎತ್ತರ 170 ಸೆಂ.ಮೀ., ತೂಕ 58 ಕೆ.ಜಿ., ಬಿಎಂಐ 20.1. ಕೊಬ್ಬು ಶೇ. 25 ಅಂತಿಟ್ಟುಕೊಳ್ಳೋಣ. ಅಂದ್ರೆ 14.5 ಕೆ.ಜಿ. ಕೊಬ್ಬು, ಉಳಿದ 43.5 ಕೆ.ಜಿ. ಸ್ನಾಯು, ಮೂಳೆ, ನೀರು ಇತ್ಯಾದಿ. (ಹೆಣ್ಣುಮಕ್ಕಳಲ್ಲಿ ಕೊಬ್ಬಿನ ಪಾಲು ಸಹಜವಾಗಿಯೇ ಹೆಚ್ಚು, ಅವರಿಗೆ ಶೇ. 25 ಆರೋಗ್ಯಕರವೇ. ಲೆಕ್ಕದ ದಾರಿ ಮಾತ್ರ ಇಬ್ಬರಿಗೂ ಒಂದೇ.)

ಮೊದಲ ದಾರಿ: ಊಟ ಬಿಡೋದು. ವ್ಯಾಯಾಮ ಇಲ್ಲದೆ, ಪ್ರೋಟೀನ್ ಇಲ್ಲದೆ ಬರೀ ಹಸಿವಿನಿಂದ 5 ಕೆ.ಜಿ. ಇಳಿಸಿದ ಅನ್ನಿ. ಅದೆಲ್ಲ ಕೊಬ್ಬಲ್ಲ. 3 ಕೆ.ಜಿ. ಕೊಬ್ಬು, 2 ಕೆ.ಜಿ. ಸ್ನಾಯು ಹೋಯ್ತು ಅಂತಿಟ್ಟುಕೊಂಡ್ರೆ ಈಗ ತೂಕ 53, ಕೊಬ್ಬು 11.5 ಕೆ.ಜಿ., ಅಂದ್ರೆ ಸುಮಾರು ಶೇ. 21.7. ಬಿಎಂಐ 18.3ಕ್ಕೆ ಇಳಿದು ‘ಕಡಿಮೆ ತೂಕ’ದ ಪಟ್ಟಿಗೆ ಸೇರಿದ. ಹೊಟ್ಟೆ ಇನ್ನೂ ಇದೆ, ಮೆಟ್ಟಿಲು ಹತ್ತಿದ್ರೆ ಏದುಸಿರು, ಇಂಟರ್ನಲ್ಸ್ ಟೈಮಲ್ಲಿ ತಲೆಸುತ್ತು. ಆಮೇಲೆ ಮೊದಲಿನ ಹಾಗೆ ತಿಂದಾಗ ಕೊಬ್ಬು ಬೇಗ ವಾಪಸ್ ಬರುತ್ತೆ, ಹೋದ ಸ್ನಾಯು ತಾನಾಗಿ ಬರಲ್ಲ.

ಎರಡನೇ ದಾರಿ: ಹೊಟ್ಟೆ ತುಂಬ ತಿಂದು ಸ್ನಾಯು ಕಟ್ಟೋದು. ಎರಡು ಸೆಮಿಸ್ಟರ್‌ನಲ್ಲಿ 3 ಕೆ.ಜಿ. ಸ್ನಾಯು ಬಂತು, 2.5 ಕೆ.ಜಿ. ಕೊಬ್ಬು ಹೋಯ್ತು ಅಂದ್ರೆ ತೂಕ 58.5, ಕೊಬ್ಬು 12 ಕೆ.ಜಿ., ಶೇ. 20.5. ತೂಕದ ಯಂತ್ರಕ್ಕೆ ಬರೀ ಅರ್ಧ ಕೆ.ಜಿ. ವ್ಯತ್ಯಾಸ. ಆದ್ರೆ ಶೇಕಡಾವಾರು ಕೊಬ್ಬು ಮೊದಲನೇ ದಾರಿಗಿಂತಲೂ ಕಡಿಮೆ, ಮೈಯಲ್ಲಿ ಶಕ್ತಿ ಜಾಸ್ತಿ, ಪ್ಯಾಂಟ್ ಸಡಿಲ, ಶರ್ಟ್‌ನ ಭುಜ ಬಿಗಿ.

ನಾವು ಹೇಳಬೇಕಾದ ಮಾತು ಇಷ್ಟೇ: ತೂಕ ಈಗಾಗಲೇ ಕಡಿಮೆ ಇದ್ದವರಿಗೆ ಸಮಸ್ಯೆ ಇರೋದು ಕೊಬ್ಬು ಹೆಚ್ಚಾಗಿರೋದಕ್ಕಿಂತ ಸ್ನಾಯು ಕಡಿಮೆ ಇರೋದರಲ್ಲಿ. ಹಾಗಾಗಿ ಕಳೆಯೋ ಲೆಕ್ಕ ಬಿಟ್ಟು ಕೂಡೋ ಲೆಕ್ಕ ಹಾಕಬೇಕು.

ಸ್ನಾಯುವಿಗೆ ಕೆಲಸ ಕೊಡಿ

ಮೊದಲು ಎರಡು ತಪ್ಪು ತಿಳುವಳಿಕೆ. ಕೊಬ್ಬು ಸ್ನಾಯುವಾಗಿ ಬದಲಾಗಲ್ಲ, ಎರಡೂ ಬೇರೆ ಬೇರೆ ಅಂಗಾಂಶ. ಹಾಗೇ, ದಿನಕ್ಕೆ ನೂರು ಕ್ರಂಚಸ್ ಹೊಡೆದ್ರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತೆ, ಅದರ ಮೇಲಿನ ಕೊಬ್ಬು ಮಾತ್ರ ಕರಗಲ್ಲ. ಕೊಬ್ಬು ಎಲ್ಲಿಂದ ಮೊದಲು ಹೋಗಬೇಕು ಅನ್ನೋದು ನಮ್ಮ ಕೈಲಿಲ್ಲ.

ನಮ್ಮ ಕೈಲಿರೋದು ಸ್ನಾಯುವಿನ ಮೇಲಿನ ಲೋಡ್. ಸ್ನಾಯು ಬೆಳೆಯೋದು ಅದಕ್ಕೆ ಅಭ್ಯಾಸ ಇರೋದಕ್ಕಿಂತ ಸ್ವಲ್ಪ ಹೆಚ್ಚು ಭಾರ ಬಿದ್ದಾಗ. ಅದಕ್ಕೆ ದುಬಾರಿ ಜಿಮ್ ಬೇಕೇ ಬೇಕು ಅಂತಿಲ್ಲ. ನಮ್ಮ ಗರಡಿ ಮನೆಗಳ ಪೈಲ್ವಾನರು ದಂಡ, ಬಸ್ಕಿ ಹೊಡೆದೇ ಮೈ ಕಟ್ಟಿದವರು. ಸ್ಕೂಲಲ್ಲಿ ಮೇಷ್ಟ್ರು ಶಿಕ್ಷೆ ಅಂತ ಹೊಡೆಸಿದ ಅದೇ ಬಸ್ಕಿ!

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ, 40 ನಿಮಿಷ ಸಾಕು:

1. ಬಸ್ಕಿ: ಕಾಲು, ತೊಡೆ. ಸುಲಭ ಆದ್ಮೇಲೆ ಬ್ಯಾಗಿಗೆ ಪುಸ್ತಕ ತುಂಬಿ ಎದೆಗೆ ಅಪ್ಪಿಕೊಂಡು ಹೊಡೆಯಿರಿ.
2. ದಂಡ ಅಥವಾ ಪುಷ್‌ಅಪ್: ಎದೆ, ಭುಜ, ತೋಳು. ನೆಲದ ಮೇಲೆ ಆಗದಿದ್ರೆ ಮಂಚದ ಅಂಚಿಗೆ ಕೈಯಿಟ್ಟು ಶುರು ಮಾಡಿ.
3. ಎಳೆಯೋ ವ್ಯಾಯಾಮ: ಬೆನ್ನು. ಪುಲ್‌ಅಪ್ ಕಂಬಿ ಇದ್ರೆ ಒಳ್ಳೇದು, ಇಲ್ಲಾಂದ್ರೆ ಬಗ್ಗಿ ನಿಂತು ಭಾರದ ಬ್ಯಾಗನ್ನು ಹೊಟ್ಟೆಯ ಕಡೆ ಎಳೆಯಿರಿ.
4. ನೆಲದಿಂದ ಭಾರ ಎತ್ತೋದು: ಸೊಂಟ, ತೊಡೆಯ ಹಿಂಭಾಗ. ಬೆನ್ನು ನೇರ ಇರಲಿ. ತುಂಬಿದ 20 ಲೀಟರ್ ನೀರಿನ ಕ್ಯಾನ್ ಅಂದ್ರೆ ಸುಮಾರು 20 ಕೆ.ಜಿ.
5. ಪ್ಲ್ಯಾಂಕ್: ನಡು.

ಮೊದಲ ನಾಲ್ಕರಲ್ಲಿ ತಲಾ 8ರಿಂದ 12ರಂತೆ ಮೂರು ಸೆಟ್. ಪ್ಲ್ಯಾಂಕ್‌ಗೆ ಅರ್ಧ ನಿಮಿಷದಂತೆ ಮೂರು ಸಲ. ಪ್ರತಿ ಸೆಟ್‌ನ ಕೊನೆಗೆ ‘ಇನ್ನೆರಡು ಮಾಡಬಹುದು, ಮೂರನೇದು ಆಗಲ್ಲ’ ಅನ್ನೋ ಹಾಗಿರಬೇಕು. ಮೂರೂ ಸೆಟ್‌ನಲ್ಲಿ 12 ಮುಟ್ಟಿದ ದಿನ ಭಾರ ಸ್ವಲ್ಪ ಏರಿಸಿ. ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮೊದಲ ಕೆಲವು ವಾರ ಶಕ್ತಿ ಬೇಗ ಏರುತ್ತೆ, ಆದ್ರೆ ಕನ್ನಡಿಯಲ್ಲಿ ಏನೂ ಕಾಣಲ್ಲ. ಆಗ ಕಲಿತಿರೋದು ಹೆಚ್ಚಾಗಿ ನರಮಂಡಲ, ಸ್ನಾಯುವಿನ ಸರದಿ ಆಮೇಲೆ. ಇಲ್ಲೇ ಬಹಳ ಜನ ಬಿಟ್ಟುಬಿಡ್ತಾರೆ.

ಗೆಳತಿಯರಿಗೆ ಒಂದು ಮಾತು: ಭಾರ ಎತ್ತಿದ್ರೆ ಗಂಡಸರ ಹಾಗೆ ಮೈ ಬರುತ್ತೆ ಅನ್ನೋ ಹೆದರಿಕೆ ಬೇಡ. ಅದಕ್ಕೆ ಬೇಕಾದ ಟೆಸ್ಟೋಸ್ಟೆರಾನ್ ನಿಮ್ಮಲ್ಲಿ ಬಹಳ ಕಡಿಮೆ. ಮೂಳೆ ಗಟ್ಟಿಯಾಗೋ ಲಾಭ ಮಾತ್ರ ಖಂಡಿತ.

ಓಡೋದು, ನಡೆಯೋದು, ಶಟಲ್ ಆಡೋದು ಹೃದಯಕ್ಕೆ ಒಳ್ಳೇದು, ಬಿಡಬೇಡಿ. ಆದ್ರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಮೆಸ್ ಊಟದಲ್ಲಿ ಪ್ರೋಟೀನ್ ಎಲ್ಲಿದೆ?

ಸಾಮಾನ್ಯ ವ್ಯಕ್ತಿಗೆ ಐಸಿಎಂಆರ್ ಹೇಳೋದು ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ಸ್ನಾಯು ಕಟ್ಟೋ ವ್ಯಾಯಾಮ ಮಾಡೋರಿಗೆ 1.6 ಗ್ರಾಂ ಆಸುಪಾಸು ಒಳ್ಳೆಯ ಗುರಿ. 58 ಕೆ.ಜಿ. ಹುಡುಗನಿಗೆ ಸುಮಾರು 93 ಗ್ರಾಂ. ಕೇಳೋಕೆ ಜಾಸ್ತಿ ಅನ್ನಿಸಿದ್ರೂ ಕೂಡಿಸಿ ನೋಡಿ:

- ದಿನವಿಡೀ ತಿನ್ನೋ ಅನ್ನ, ಮುದ್ದೆ, ಚಪಾತಿ (ಧಾನ್ಯ 300 ಗ್ರಾಂ): 25 ಗ್ರಾಂ
- ಬೇಳೆ, ಕಾಳು (ಬೇಯಿಸೋ ಮುಂಚೆ 60 ಗ್ರಾಂ): 13 ಗ್ರಾಂ
- ಮೊಟ್ಟೆ 3: 18 ಗ್ರಾಂ
- ಹಾಲು 2 ಲೋಟ: 13 ಗ್ರಾಂ
- ಮೊಸರು 200 ಗ್ರಾಂ: 6 ಗ್ರಾಂ
- ಕಡಲೆಬೀಜ ಒಂದು ಹಿಡಿ (40 ಗ್ರಾಂ): 10 ಗ್ರಾಂ
- ಸೋಯಾ ಚಂಕ್ಸ್ 30 ಗ್ರಾಂ: 15 ಗ್ರಾಂ

ಒಟ್ಟು ನೂರು ಗ್ರಾಂ! ಮೊಟ್ಟೆ ತಿನ್ನದವರು 100 ಗ್ರಾಂ ಪನೀರ್ ಸೇರಿಸಿಕೊಂಡ್ರೆ ಲೆಕ್ಕ ಸರಿಹೋಗುತ್ತೆ. ಕೋಳಿ, ಮೀನು ತಿನ್ನೋರಿಗೆ ಇನ್ನೂ ಸುಲಭ. ಮೆಸ್‌ನಲ್ಲಿ ಒಂದು ಸಣ್ಣ ಉಪಾಯ: ಸಾಂಬಾರಿನ ಮೇಲಿನ ತಿಳಿ ಬರೀ ನೀರು, ಬೇಳೆ ಇರೋದು ತಳದಲ್ಲಿ. ಸೌಟಿನಿಂದ ಕಲಕಿ ಬಡಿಸಿಕೊಳ್ಳಿ. ಕೋಸಂಬರಿ, ಮೊಳಕೆ ಹುರುಳಿಕಾಳಿನ ಪಲ್ಯ ಇದ್ದ ದಿನ ನಾಚಿಕೆ ಬಿಟ್ಟು ಎರಡನೇ ಸಲ ಹಾಕಿಸಿಕೊಳ್ಳಿ.

ಅನ್ನ ಬಿಡಬೇಕಾ? ಬೇಡ. ನಾಲ್ಕು ಸಲ ಹಾಕಿಸಿಕೊಳ್ಳೋ ಅನ್ನದ ಜಾಗದಲ್ಲಿ ಎರಡು ಸಲ ಅನ್ನ, ಉಳಿದ ಜಾಗಕ್ಕೆ ಕಾಳು, ಪಲ್ಯ, ಮೊಟ್ಟೆ. ಬಿಎಂಐ 20ರ ಆಸುಪಾಸು ಇದ್ದವರು ಈಗ ತಿನ್ನುವಷ್ಟೇ ಕ್ಯಾಲೊರಿ ತಿಂದು ಅದರೊಳಗಿನ ಸಾಮಾನು ಬದಲಾಯಿಸಿದ್ರೆ ಸಾಕು. ಅದಕ್ಕಿಂತ ಕಡಿಮೆ ಇದ್ದವರು ದಿನಕ್ಕೆ 200–300 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ನಾಲ್ಕು ಕಡಲೆಬೀಜ ಅಂದ್ರೆ ಅಷ್ಟಾಯ್ತು. ಕಡಿಮೆ ಮಾಡಬೇಕಾದ್ದು ಸಂಜೆಯ ಪಫ್, ಗೋಬಿ, ತಂಪು ಪಾನೀಯಗಳನ್ನ.

ಪ್ರೋಟೀನ್ ಪುಡಿ ಮಂತ್ರದ ಪುಡಿ ಅಲ್ಲ, ಹಾಲಿನಿಂದ ತೆಗೆದ ಆಹಾರ ಅಷ್ಟೇ. ಅನುಕೂಲ ಇದ್ರೆ ಸರಿ, ಇಲ್ಲದಿದ್ರೂ ನಷ್ಟ ಇಲ್ಲ. ‘ಮಾಸ್ ಗೇನರ್’ ಡಬ್ಬದ ಹಿಂದಿನ ಪಟ್ಟಿ ಓದಿ, ಹೆಚ್ಚಿನವುಗಳಲ್ಲಿ ಇರೋದು ಸಕ್ಕರೆಯ ಸೋದರರೇ. ಯಾರಾದ್ರೂ ಇಂಜೆಕ್ಷನ್, ಮಾತ್ರೆ ಅಂತ ಮಾತು ತೆಗೆದ್ರೆ ಅಲ್ಲಿಂದ ಎದ್ದು ಬನ್ನಿ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಏರಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ನೈಟ್‌ಔಟ್‌ನ ಬೆಲೆ

2010ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಹತ್ತು ಜನರನ್ನು ಎರಡು ವಾರ ಕಡಿಮೆ ಕ್ಯಾಲೊರಿಯ ಊಟದಲ್ಲಿಟ್ಟರು. ಒಮ್ಮೆ ಎಂಟೂವರೆ ಗಂಟೆ ನಿದ್ದೆಗೆ ಅವಕಾಶ, ಇನ್ನೊಮ್ಮೆ ಐದೂವರೆ ಗಂಟೆ. ಎರಡೂ ಸಲ ಇಳಿದ ತೂಕ ಹೆಚ್ಚುಕಮ್ಮಿ ಒಂದೇ. ಆದ್ರೆ ಚೆನ್ನಾಗಿ ಮಲಗಿದಾಗ 1.4 ಕೆ.ಜಿ. ಕೊಬ್ಬು ಹೋಗಿದ್ರೆ, ನಿದ್ದೆಗೆಟ್ಟಾಗ ಹೋಗಿದ್ದು 0.6 ಕೆ.ಜಿ. ಮಾತ್ರ. ಉಳಿದ ನಷ್ಟವನ್ನು ಕೊಬ್ಬಲ್ಲದ ಭಾಗ ಭರಿಸಿತು. ಅದು ಬಹಳ ಚಿಕ್ಕ ಅಧ್ಯಯನ, ಅದರಲ್ಲಿದ್ದವರು ದಪ್ಪ ಇದ್ದವರು. ಆದ್ರೂ ದಿಕ್ಕು ಸ್ಪಷ್ಟ: ಏಳೆಂಟು ಗಂಟೆ ನಿದ್ದೆ ಈ ಲೆಕ್ಕದ ಭಾಗವೇ.

ಅಳೆಯೋದು ಹೇಗೆ?

ದಿನದ ತೂಕ ನಾಯ್ಸ್ ತುಂಬಿದ ಸಿಗ್ನಲ್. ನೀರು, ಉಪ್ಪು, ಹಿಂದಿನ ರಾತ್ರಿಯ ಬಿರಿಯಾನಿ ಸೇರಿ ಒಂದೆರಡು ಕೆ.ಜಿ. ಅತ್ತಿತ್ತ ಆಗುತ್ತೆ. ವಾರದ ಸರಾಸರಿ ತೆಗೆದ್ರೆ ನಾಯ್ಸ್ ಕಳೆದು ಟ್ರೆಂಡ್ ಕಾಣುತ್ತೆ. ಜಿಮ್‌ನಲ್ಲಿ ಕೊಬ್ಬಿನ ಶೇಕಡಾ ಹೇಳೋ ಯಂತ್ರ ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ ಪ್ರತಿರೋಧ ಅಳೆಯುತ್ತೆ, ಅಲ್ಲಿಂದ ಮುಂದೆಲ್ಲ ಅಂದಾಜು. ನೀರು ಕುಡಿದಿದ್ದೀರೋ ಬೆವರಿದ್ದೀರೋ ಅನ್ನೋದರ ಮೇಲೆ ರೀಡಿಂಗ್ ಬದಲಾಗುತ್ತೆ.

ನಮಗೆ ಬೇಕಾದ್ದು ಟೈಲರ್ ಟೇಪ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಸಹಜವಾಗಿ ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ ಸುತ್ತಳತೆ ತಗೊಳ್ಳಿ. ಎರಡು ವಾರಕ್ಕೊಮ್ಮೆ ಸಾಕು. ಅದು ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ರೆ ಒಳ್ಳೇದು. ಸೊಂಟ ಇಳೀತಾ, ನೋಟ್‌ಬುಕ್‌ನಲ್ಲಿ ಭಾರ ಏರ್ತಾ ಇದ್ರೆ ತೂಕ ಎಲ್ಲೇ ನಿಂತಿರಲಿ, ನೀವು ಸರಿದಾರಿಯಲ್ಲಿದ್ದೀರಿ. ತಿಂಗಳಿಗೆ ಅರ್ಧ ಕೆ.ಜಿ. ಸ್ನಾಯು ಬಂದರೂ ಅದು ಒಳ್ಳೆಯ ವೇಗ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಬಿಎಂಐ 18.5ಕ್ಕಿಂತ ಕಡಿಮೆ ಇದ್ರೆ, ಕಾರಣವಿಲ್ಲದೆ ತೂಕ ಇಳೀತಿದ್ರೆ, ವಾರಗಟ್ಟಲೆ ಕೆಮ್ಮು ಜ್ವರ ಇದ್ರೆ, ಪದೇ ಪದೇ ತಲೆಸುತ್ತಿದ್ರೆ, ಮುಟ್ಟು ಮೂರು ತಿಂಗಳು ನಿಂತಿದ್ರೆ ಮೊದಲು ಡಾಕ್ಟರ್, ಆಮೇಲೆ ಬಸ್ಕಿ. ಥೈರಾಯ್ಡ್, ರಕ್ತಹೀನತೆ, ಕ್ಷಯದಂಥ ಕಾರಣಗಳನ್ನು ಬರೀ ಊಟ, ವ್ಯಾಯಾಮದಿಂದ ಸರಿಮಾಡೋಕೆ ಆಗಲ್ಲ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ತಿಂದಿದ್ದಕ್ಕೆ ತಪ್ಪು ಮಾಡಿದ ಹಾಗೆ ಅನ್ನಿಸೋದು, ತಿಂದ ಮೇಲೆ ಬೇಕಂತಲೇ ವಾಂತಿ ಮಾಡೋದು, ದಿನವಿಡೀ ಮೈಯದ್ದೇ ಚಿಂತೆ, ಇವು ಹುಡುಗರಲ್ಲೂ ಇರುತ್ತೆ, ಹುಡುಗಿಯರಲ್ಲೂ ಇರುತ್ತೆ. ಇದು ಛಲ ಅಲ್ಲ, ನೆರವು ಬೇಕಾದ ಸ್ಥಿತಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದ್ರೆ ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಮಂಚದ ಗೆಳೆಯ ಹತ್ತು ದಿನದಿಂದ ರಾತ್ರಿ ಊಟಕ್ಕೆ ಬರ್ತಿಲ್ಲ ಅಂದ್ರೆ ‘ಡಯಟ್ಟಾ ಮಗಾ’ ಅಂತ ನಗೋ ಬದಲು ಒಂದು ತಟ್ಟೆ ಹಿಡಿದುಕೊಂಡು ಹೋಗಿ ಕರೆಯೋಣ. ಊಟ ಮುಗಿಸಿ, ನಾಳೆ ಬೆಳಿಗ್ಗೆ ಇಬ್ಬರೂ ಸೇರಿ ಹತ್ತು ಬಸ್ಕಿ ಹೊಡೆಯೋಣ.