ಬಾಡಿಗೆ ಸರ್ವರ್: ಹೆಸರಿಗಿಂತ ಮೊದಲು ಒಡೆತನ ನೋಡಿ

ಮೂರ್ನಾಡು: ಮಡಿಕೇರಿ-ವಿರಾಜಪೇಟೆ ರಸ್ತೆಯ ಈ ಊರಿನಲ್ಲಿ ಕಾಫಿ ತೋಟದ ಮನೆಯೊಂದು ತನ್ನ ಹೋಂಸ್ಟೇ ಬುಕಿಂಗ್‌ಗಾಗಿ ಸರ್ವರ್ ಹೊಂದಲು ಬಯಸಿದೆ ಎಂದು ಭಾವಿಸೋಣ. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಕೊಡಗಿನಲ್ಲಿ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕಿಂತ ಕ್ಲೌಡ್ ಸೇವೆಯಿಂದ ಬಾಡಿಗೆಗೆ ಪಡೆಯುವುದೇ ಲೇಸು. ಅಮೆಜಾನ್ 2006ರಲ್ಲಿ ಆರಂಭಿಸಿದ ಇಸಿ2 ಅಂತಹ ಸೇವೆಗಳಲ್ಲೊಂದು. ಮುಂಬೈನಲ್ಲಿ 2016ರಿಂದ ಅದರ ಕೇಂದ್ರವಿದೆ.

ಬಾಡಿಗೆ ಯಂತ್ರವು ಕಾರ್ಯಾಚರಣೆ ವ್ಯವಸ್ಥೆ ಮತ್ತು ತಂತ್ರಾಂಶಗಳನ್ನು ಅಳವಡಿಸಿದ ಸಿದ್ಧ ಪ್ರತಿಯೊಂದರಿಂದ ಚಾಲನೆಗೊಳ್ಳುತ್ತದೆ. ಇದಕ್ಕೆ 'ಇಮೇಜ್' ಎಂದು ಹೆಸರು. ಅಮೆಜಾನ್ ಪರಿಭಾಷೆಯಲ್ಲಿ ಎಎಂಐ. 'ಉಬುಂಟು' ಎಂದು ಹುಡುಕಿದರೆ ಇಮೇಜ್‌ಗಳ ಸಾಲೇ ಎದುರಾಗುತ್ತದೆ. ತೊಡಕು ಆರಂಭವಾಗುವುದು ಇಲ್ಲಿಯೇ.

ಇಮೇಜನ್ನು ಯಾರು ಬೇಕಾದರೂ ಸಿದ್ಧಪಡಿಸಿ, ತಮಗಿಷ್ಟವಾದ ಹೆಸರಿಟ್ಟು ಸಾರ್ವಜನಿಕಗೊಳಿಸಬಹುದು. ಇದರ ಅಪಾಯವನ್ನು ಡೇಟಾಡಾಗ್ ಸಂಸ್ಥೆಯ ಸಂಶೋಧಕರು 2025ರ ಫೆಬ್ರವರಿಯಲ್ಲಿ 'ಹೂ ಆಮ್ ಐ' ಎಂಬ ಹೆಸರಿನಲ್ಲಿ ಬಹಿರಂಗಪಡಿಸಿದರು. ಕೆಲವು ಸಂಸ್ಥೆಗಳ ಸ್ವಯಂಚಾಲಿತ ಆದೇಶಗಳು ಒಡೆತನವನ್ನು ವಿಚಾರಿಸದೆ, ಹೆಸರು ಹೊಂದಿಕೆಯಾಗುವ ಇಮೇಜ್‌ಗಳ ಪೈಕಿ ತೀರ ಹೊಸತನ್ನು ಆರಿಸಿಕೊಳ್ಳುತ್ತಿದ್ದವು. ವಂಚಕನು ಅದೇ ಧಾಟಿಯ ಹೆಸರಿನ, ಹೊಸ ದಿನಾಂಕದ ಇಮೇಜೊಂದನ್ನು ಸೇರಿಸಿದರೆ ಸಾಕು. ಗ್ರಾಹಕನ ಖಾತೆಯಲ್ಲಿ, ಗ್ರಾಹಕನದೇ ಖರ್ಚಿನಲ್ಲಿ, ವಂಚಕನ ತಂತ್ರಾಂಶ ಓಡತೊಡಗುತ್ತದೆ. ಹೋಂಸ್ಟೇ ಅತಿಥಿಗಳ ದೂರವಾಣಿ ಸಂಖ್ಯೆ, ಗುರುತಿನ ಚೀಟಿಯ ಪ್ರತಿಗಳೆಲ್ಲ ಅದರ ಕೈಗೆ ಸಿಗುತ್ತವೆ.

ಹೆಸರನ್ನು ಅನುಕರಿಸಬಹುದು, ಒಡೆಯನ ಖಾತೆ ಸಂಖ್ಯೆಯನ್ನು ಅನುಕರಿಸಲಾಗದು. ಉಬುಂಟು ತಯಾರಕ ಕೆನಾನಿಕಲ್ ಸಂಸ್ಥೆಯ ಅಧಿಕೃತ ಇಮೇಜ್‌ಗಳ ಒಡೆಯನ ಸಂಖ್ಯೆ 099720109477. ಹುಡುಕುವಾಗ ಇದನ್ನೇ ಮೊದಲ ಷರತ್ತಾಗಿಸಬೇಕು. ನಂಬಿಕೆಯ ಒಡೆಯರ ಇಮೇಜ್‌ಗಳಿಗೆ ಮಾತ್ರ ಅವಕಾಶ ನೀಡುವ ಸೌಲಭ್ಯವನ್ನು ಅಮೆಜಾನ್ 2024ರ ಡಿಸೆಂಬರ್‌ನಲ್ಲಿ ಒದಗಿಸಿತು. ಆದರೆ ಅದನ್ನು ಗ್ರಾಹಕರೇ ಜಾರಿಗೊಳಿಸಿಕೊಳ್ಳಬೇಕು ಎಂಬುದು ಅನೇಕರ ಗಮನಕ್ಕೆ ಬಂದಂತಿಲ್ಲ.

ಉಳಿದ ಪರೀಕ್ಷೆಗಳು ಸುಲಭ. ಇಮೇಜಿನ ಗುರುತು ಸಂಖ್ಯೆ ಕೇಂದ್ರದಿಂದ ಕೇಂದ್ರಕ್ಕೆ ಬದಲಾಗುವುದರಿಂದ ಸಿಂಗಪುರದ ಸಂಖ್ಯೆ ಮುಂಬೈನಲ್ಲಿ ಕೆಲಸ ಮಾಡದು. ಅಮೆಜಾನ್‌ನ ಗ್ರಾವಿಟಾನ್ ಪ್ರೊಸೆಸರ್‌ಗೆ ಆರ್ಮ್ ಮಾದರಿಯ ಇಮೇಜ್ ಬೇಕು. ಇಂಟೆಲ್ ಯಂತ್ರದ ಇಮೇಜ್ ಅಲ್ಲಿ ಏಳುವುದೇ ಇಲ್ಲ. ಮಾರ್ಕೆಟ್‌ಪ್ಲೇಸ್‌ನಲ್ಲಿರುವ ಕೆಲವು ಇಮೇಜ್‌ಗಳಿಗೆ ಯಂತ್ರದ ಬಾಡಿಗೆಯ ಜೊತೆಗೆ ಗಂಟೆಯ ಲೆಕ್ಕದಲ್ಲಿ ಪ್ರತ್ಯೇಕ ಶುಲ್ಕವಿರುತ್ತದೆ. ಇನ್ನು ಹಳೆಯ ಟಿಪ್ಪಣಿಗಳನ್ನು ನಂಬಿ ಸೆಂಟ್‌ಓಎಸ್ 7 ಹುಡುಕುವವರೂ ಇದ್ದಾರೆ. ಅದಕ್ಕೆ ಭದ್ರತಾ ಪರಿಷ್ಕರಣೆ 2024ರ ಜೂನ್ 30ಕ್ಕೇ ನಿಂತಿದೆ.