ಮೂಲೆಗೆ ಹಿಡಿದ ದಾರ

ನಮ್ಮ ಊರುಗಳಲ್ಲಿ ಸೈಟು ಎಂದರೆ ಮೊದಲು ನಾಲಿಗೆಗೆ ಬರುವುದು ‘ತರ್ಟಿ ಫಾರ್ಟಿ’. ಹದ್ದು ಗುರುತಿಸುವ ದಿನ ಮೇಸ್ತ್ರಿ ಒಂದು ಮೂಲೆಗೆ ಗೂಟ ಹೊಡೆದು, ರಸ್ತೆಯುದ್ದಕ್ಕೆ 30 ಅಡಿ, ಒಳಕ್ಕೆ 40 ಅಡಿ ದಾರ ಎಳೆಯುತ್ತಾರೆ. ಆಮೇಲೆ ಆ ಎರಡು ತುದಿಗಳ ನಡುವೆ ಟೇಪು ಹಿಡಿಯುತ್ತಾರೆ. ಸರಿಯಾಗಿ 50 ಬಂದರೆ ಮೂಲೆ ನೆಟ್ಟಗಿದೆ. ಐದು ಇಂಚು ಹೆಚ್ಚು ಬಂತೆನ್ನಿ, ಮೂಲೆ ಒಂದು ಡಿಗ್ರಿ ಅಗಲವಾಗಿದೆ. 40 ಅಡಿ ಹೋಗುವಷ್ಟರಲ್ಲಿ ಗೋಡೆ ಎಂಟು ಇಂಚಿಗೂ ಹೆಚ್ಚು ಆಚೆ ಸರಿದಿರುತ್ತದೆ. ಸುಣ್ಣದ ಗೆರೆಯಲ್ಲಿ ಕಾಣದ ಈ ಸೊಟ್ಟ, ಟೈಲ್ಸ್ ಕೂರಿಸುವ ದಿನ ಎದ್ದು ಕಾಣುತ್ತದೆ.

ಈ ದಾರಕ್ಕೆ ಎರಡೂವರೆ ಸಾವಿರ ವರ್ಷಕ್ಕೂ ಹೆಚ್ಚಿನ ವಯಸ್ಸು. ಇಟ್ಟಿಗೆಯ ಯಜ್ಞವೇದಿಗಳನ್ನು ಅಳತೆಗೆ ಕಟ್ಟಲು ಹುಟ್ಟಿದ್ದು ಶುಲ್ಬಸೂತ್ರಗಳು, ಶುಲ್ಬವೆಂದರೆ ಹಗ್ಗವೇ. ಆಯತದ ಕರ್ಣಕ್ಕೂ ಬದಿಗಳಿಗೂ ಇರುವ ಸಂಬಂಧವನ್ನು ಬೌಧಾಯನ ನೇರವಾಗಿ ಹೇಳಿದ್ದಾನೆ, 3-4, 5-12, 8-15 ಎಂದು ಬದಿಗಳ ಜೋಡಿಗಳನ್ನೂ ಕೊಟ್ಟಿದ್ದಾನೆ. ಆಪಸ್ತಂಬನ ವಿಧಾನವಂತೂ ಇವತ್ತೇ ಅಂಗಳದಲ್ಲಿ ಮಾಡಿನೋಡಬಹುದು. ಪೂರ್ವ-ಪಶ್ಚಿಮವಾಗಿ 36 ಹೆಜ್ಜೆ ಅಂತರದಲ್ಲಿ ಎರಡು ಗೂಟ. 54 ಹೆಜ್ಜೆಯ ಹಗ್ಗದ ತುದಿಗಳನ್ನು ಅವಕ್ಕೆ ಕಟ್ಟಿ, ಪಶ್ಚಿಮದ ತುದಿಯಿಂದ 15ನೆಯದಕ್ಕೆ ಹಾಕಿದ ಗುರುತನ್ನು ಹಿಡಿದು ದಕ್ಷಿಣಕ್ಕೆ ಜಗ್ಗಬೇಕು. ಒಂದು ಕಡೆ 15, ಇನ್ನೊಂದು ಕಡೆ 39. ಪಶ್ಚಿಮದ ಗೂಟದಲ್ಲಿ ಲಂಬಕೋನ ತಾನಾಗಿ ನಿಲ್ಲುತ್ತದೆ. ನನಗೆ ಶಾಲೆಯಲ್ಲಿ ಈ ಪ್ರಮೇಯವನ್ನು ಹಗ್ಗ ಮುಟ್ಟಿಸದೆ ಕಲಿಸಿದರಲ್ಲ ಎಂಬ ಬೇಸರ ಇಂದಿಗೂ ಇದೆ.

ಹೊಲ, ಕೆರೆ, ಕಟ್ಟಡದ ಲೆಕ್ಕ ಸಂಸ್ಕೃತದಲ್ಲೇ ಉಳಿಯಲಿಲ್ಲ. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಬರೆದ.

ಗೆರೆಯನ್ನು ಸಮೀಕರಣವಾಗಿ ಬರೆಯುವ ದಾರಿ ತೆರೆದದ್ದು 1637ರಲ್ಲಿ, ದೆಕಾರ್ತ್‌ನ ‘ಜ್ಯಾಮಿತಿ’ಯಿಂದ. ಒಂದಕ್ಕೊಂದು ಲಂಬವಾದ ಎರಡು ಅಕ್ಷಗಳು ಆಮೇಲೆ ರೂಢಿಗೆ ಬಂದವು. ಗ್ರಾಫ್ ಹಾಳೆಯ ಮೂಲಬಿಂದು ನನಗೆ ಮೇಸ್ತ್ರಿಯ ಮೊದಲ ಗೂಟದಂತೆಯೇ ಕಾಣುತ್ತದೆ: ಅಲ್ಲಿಂದ ಅಡ್ಡಕ್ಕೆ ಇಷ್ಟು, ಮೇಲಕ್ಕೆ ಇಷ್ಟು ಎಂದರೆ ಜಾಗ ಸಿಕ್ಕಿತು.

ಮನೆಯ ಮೆಟ್ಟಿಲನ್ನೇ ನೋಡಿ. ತುಳಿಯುವ ಜಾಗ 10 ಇಂಚು, ಏರು 7 ಇಂಚು ಆದರೆ ಅದರ ಓರೆಗೆರೆ ವೈ = 0.7 ಎಕ್ಸ್. ಹದಿನೈದು ಮೆಟ್ಟಿಲಿಗೆ 150 ಇಂಚು ಉದ್ದ, 105 ಇಂಚು ಎತ್ತರ. ಓರೆಯ ಉದ್ದ ಬೇಕೆಂದರೆ ಮತ್ತೆ ಬೌಧಾಯನನ ಕರ್ಣವೇ: ಸುಮಾರು 183 ಇಂಚು. ಸೆಂಟರಿಂಗ್ ಹಲಗೆಗೆ ಗರಗಸ ಇಡುವ ಮೊದಲೇ ಅಳತೆ ಕೈಯಲ್ಲಿರುತ್ತದೆ.